ಮನೆಯ ಶುಶ್ರೂಷೆ

ಸಾವಿಲ್ಲದ ಮನೆಯ ಸಾಸಿವೆ ಎಲ್ಲಿಯೂ ದೊರೆಯದೆಂಬ ಕಥೆಯನ್ನು ಕೇಳದವರಿಲ್ಲ. ಬೇನೆಯಿಲ್ಲದ ಮನೆಯ ಸಾಸಿವೆಯನ್ನು ತರುವುದೂ ಅಷ್ಟೇ ಕಷ್ಟ. ಇಂದಲ್ಲ ನಾಳೆ ಪ್ರತಿಯೊಂದು ಮನೆಯಲ್ಲಿಯೂ ಯಾರಾದರೊಬ್ಬರು ಹಾಸಿಗೆ ಹಿಡಿಯುತ್ತಾರೆ. ಉಳಿದವರು ಅವರನ್ನು ನೋಡಿಕೊಳ್ಳಬೇಕಾಗುತ್ತದೆ. ಹಬ್ಬಕ್ಕೆ ಬೇಕಾದ ಸಾಮಗ್ರಿಗಳನ್ನು ವಾರ ಮೊದಲೇ ಪಟ್ಟಿಮಾಡುವ ಸಂಸಾರಗಳು, ರೋಗಿಯ ಆರೈಕೆಗೆ ಬೇಕಾದ ಸಾಮಗ್ರಿಗಳನ್ನು ಕುರಿತು ಯೋಚಿಸುವುದು ರೋಗಿ ಹೊಸ್ತಿಲೊಳಗೆ ಬಂದ ಮೇಲೆಯೇ. ಆಗ ಗಾಬರಿ, ಓಡಾಟ, ವೃಥಾ ಖರ್ಚು. ಬೇಕಾದುದು ಕೈಗೆ ಸಿಕ್ಕದು; ಬೇಡವಾದುದು ಕೋಣೆಯನ್ನು ತುಂಬಿರುತ್ತದೆ.

ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಮಂಚದ ಒಂದು ಕಾಲು ಮುರಿದರೆ ಉಳಿದ ಮೂರು ಕಾಲುಗಳು ಅದನ್ನು ನೆಟ್ಟಗೆ ನಿಲ್ಲಿಸಲಾರವು, ಚಿಕಿತ್ಸೆಯೂ ಹಾಗೆಯೇ. ಪರಿಚಾರಕನಲ್ಲಿ ನಾಲ್ಕು ಗುಣಗಳಿರಬೇಕೆಂದು ಅದೇ ಗ್ರಂಥ ವಿಧಿಸುತ್ತದೆ. ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ ಮತ್ತು ಶುಚಿತ್ವ, ಇವೇ ಆ ನಾಲ್ಕು. ಇವುಗಳಲ್ಲಿ ಅನುರಾಗವು ಮನೆಯವರಲ್ಲಿ ಸಹಜವಾಗಿಯೇ ಇರುತ್ತದೆ. ಆದರೆ ಪ್ರೀತಿಯೊಂದರಿಂದಲೇ ರೋಗಿಯ ಬೆನ್ನಿನ ಹುಣ್ಣು ಮಾಯುವುದಿಲ್ಲ. ಉಳಿದ ಮೂರು ಗುಣಗಳನ್ನು ಕಲಿತೇ ಪಡೆಯಬೇಕು. ಯಾವ ಸಾಮಗ್ರಿ ಏಕೆ ಬೇಕು, ಅದನ್ನು ಹೇಗೆ ಬಳಸಬೇಕು ಎಂಬುದನ್ನು ಅರಿಯುವುದೇ ಆ ಕಲಿಕೆಯ ಆರಂಭ.

ಬಳ್ಳಾರಿ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು 1961ರಲ್ಲಿ. ಅದರ ಆಸ್ಪತ್ರೆಗೆ ಅಂದಿನಿಂದಲೂ ಸುತ್ತಲಿನ ಊರುಗಳ ರೋಗಿಗಳು ಬರುತ್ತಿದ್ದಾರೆ. ಕುರುಗೋಡು ಬಳ್ಳಾರಿಗೆ ಸುಮಾರು 30 ಕಿಲೋಮೀಟರು ದೂರ. ಸಿರುಗುಪ್ಪ 50 ಕಿಲೋಮೀಟರಿಗೂ ಹೆಚ್ಚು. ಸಿರುಗುಪ್ಪದ ಕಡೆಯ ಒಂದು ರೈತರ ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಅಜ್ಜಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲುಗಳು ಬಿದ್ದುಹೋಗಿವೆ, ಮಾತು ತೊದಲುತ್ತದೆ. ಕೆಲವು ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದು, ಪ್ರಾಣಾಪಾಯ ಕಳೆದ ಮೇಲೆ ಮನೆಗೆ ಮರಳಿದ್ದಾಳೆ. ಇನ್ನು ಮುಂದೆ ತಿಂಗಳುಗಟ್ಟಲೆ ಆಕೆಯ ಆಸ್ಪತ್ರೆ ಈ ಮನೆಯೇ. ವೈದ್ಯರು ಸಮೀಪದಲ್ಲಿಲ್ಲ. ಮಳೆಗಾಲದಲ್ಲಿ ದಾರಿಯನ್ನೂ ನಂಬುವಂತಿಲ್ಲ. 2009ರಲ್ಲಿ ತುಂಗಭದ್ರೆ ಉಕ್ಕಿ ಹರಿದಾಗ ಈ ತಾಲ್ಲೂಕಿನ ನದೀತೀರದ ಹಳ್ಳಿಗಳು ಜಲಾವೃತವಾದವು. ಅಂತಹ ದಿನಗಳಲ್ಲಿ ಮನೆಯಲ್ಲಿ ಏನಿದೆಯೋ ಅದೇ ಔಷಧಾಲಯ. ಮನೆಯವರಿಗೆ ಏನು ತಿಳಿದಿದೆಯೋ ಅದೇ ವೈದ್ಯ.

ಶುಶ್ರೂಷೆಯ ಮೊದಲ ಸಾಮಗ್ರಿಯನ್ನು ಅಂಗಡಿಯಿಂದ ತರಬೇಕಾಗಿಲ್ಲ. ಅದು ಗಾಳಿ ಮತ್ತು ಬೆಳಕು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರ ಆರೈಕೆ ಮಾಡಿ ಪ್ರಸಿದ್ಧರಾದ ಫ್ಲಾರೆನ್ಸ್ ನೈಟಿಂಗೇಲ್ 1859–60ರಲ್ಲಿ ಶುಶ್ರೂಷೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಅದನ್ನು ಅವರು ಬರೆದುದು ಆಸ್ಪತ್ರೆಯ ದಾದಿಯರಿಗಾಗಿ ಅಲ್ಲ. ಮನೆಯಲ್ಲಿ ಇತರರ ಆರೋಗ್ಯವನ್ನು ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರಿಗಾಗಿ. ರೋಗಿಯನ್ನು ಚಳಿಗೊಡ್ಡದೆ, ಒಳಗಿನ ಗಾಳಿಯನ್ನು ಹೊರಗಿನ ಗಾಳಿಯಷ್ಟೇ ನಿರ್ಮಲವಾಗಿಡುವುದು ಮೊದಲ ಕರ್ತವ್ಯವೆಂದು ಅವರು ಬಗೆದರು. ಇಂಗ್ಲೆಂಡಿನಲ್ಲಿ ಚಳಿಯ ಭಯವಾದರೆ ಬಳ್ಳಾರಿ ಸೀಮೆಯಲ್ಲಿ ಬಿಸಿಲಿನ ಭಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಮಣ್ಣಿನ ಮಾಳಿಗೆಯ ಹಳೆಯ ಮನೆ ಆಗಲೂ ತಂಪಾಗಿರುತ್ತದೆ. ತಗಡು ಹೊದಿಸಿದ ಕೋಣೆ ಕಾದ ಕಾವಲಿಯಾಗುತ್ತದೆ. ಆದುದರಿಂದ ಕೆಳ ಅಂತಸ್ತಿನ, ಎರಡು ಕಿಟಕಿಗಳುಳ್ಳ, ಶೌಚಾಲಯಕ್ಕೆ ಸಮೀಪವಾದ ಕೋಣೆಯನ್ನು ಆರಿಸತಕ್ಕದ್ದು. ಹಗಲು ಬಿಸಿಲಿನ ಕಡೆಯ ಕಿಟಕಿಗೆ ಒದ್ದೆ ಬಟ್ಟೆಯನ್ನೋ ಲಾವಂಚದ ತಟ್ಟಿಯನ್ನೋ ಕಟ್ಟಿ, ರಾತ್ರಿ ಕಿಟಕಿಗಳನ್ನು ತೆರೆದಿಡಬೇಕು. ಸೊಳ್ಳೆಪರದೆ ಅವಶ್ಯ. ಮಲೇರಿಯ ಹರಡುವ ಸೊಳ್ಳೆ ಇರುಳಿನಲ್ಲಿ ಕಚ್ಚುತ್ತದೆ, ಡೆಂಗೆ ಹರಡುವ ಸೊಳ್ಳೆ ಹಗಲಿನಲ್ಲಿ. ಹಗಲಿಡೀ ಮಲಗಿರುವವರಿಗೆ ಹಗಲಿನಲ್ಲಿಯೂ ಪರದೆ ಬೇಕು.

ಎರಡನೆಯದು ಹಾಸಿಗೆ. ಆರೋಗ್ಯವಂತನಾದ ಮನುಷ್ಯ ನಿದ್ರೆಯಲ್ಲಿಯೂ ತನಗರಿವಿಲ್ಲದೆ ಮಗ್ಗುಲು ಬದಲಿಸುತ್ತಾನೆ. ಪಾರ್ಶ್ವವಾಯು ಪೀಡಿತರಿಗೆ ಅದು ಸಾಧ್ಯವಿಲ್ಲ. ಅವರ ದೇಹದ ಭಾರವೆಲ್ಲ ಹಿಮ್ಮಡಿ, ಸೊಂಟ, ಮೊಣಕೈ, ಭುಜದೆಲುಬು, ಹಿಂದಲೆ ಮುಂತಾದ ಕೆಲವೇ ಎಡೆಗಳ ಮೇಲೆ ಬೀಳುತ್ತದೆ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗಿ, ರಕ್ತ ಹರಿಯದೆ, ಕೆಲವು ಗಂಟೆಗಳಲ್ಲಿಯೇ ಅಲ್ಲಿನ ಮಾಂಸ ಸಾಯತೊಡಗುತ್ತದೆ. ಇದೇ ಹಾಸಿಗೆಹುಣ್ಣು. ಮೇಲೆ ರೂಪಾಯಿಯಗಲ ಕಾಣುವ ಗಾಯ ಒಳಗೆ ಎಲುಬಿನವರೆಗೂ ಕೊರೆದಿರಬಹುದು. ಅದರ ನಂಜು ರಕ್ತಕ್ಕೇರಿದರೆ ಜೀವಕ್ಕೇ ಅಪಾಯ. ದೊಡ್ಡ ಬೇನೆಯಿಂದ ಬದುಕಿ ಬಂದ ಅಜ್ಜಿ ಈ ಸಣ್ಣ ಹುಣ್ಣಿಗೆ ತುತ್ತಾಗಬಾರದು.

ಇದನ್ನು ತಡೆಯುವ ಸಾಧನಗಳಲ್ಲಿ ದುಬಾರಿಯಾದುದು ಕಡಮೆ. ಸಮತಲವಾದ ಗಟ್ಟಿ ಮಂಚ, ಮೆತ್ತನೆಯ ಹಾಸಿಗೆ, ಒದ್ದೆ ಇಳಿಯದಂತೆ ಅದರ ಮೇಲೊಂದು ಮೇಣಬಟ್ಟೆ, ಮೇಣಬಟ್ಟೆಯ ಮೇಲೆ ಹತ್ತಿಯ ಹಾಸು, ಸೊಂಟದ ಕೆಳಗೆ ಅಡ್ಡಲಾಗಿ ಹಾಸಿದ ನಾಲ್ಕು ಮಡಿಕೆಯ ಹಳೆಯ ಸೀರೆ, ನಾಲ್ಕೈದು ದಿಂಬುಗಳು ಇಷ್ಟಿದ್ದರೆ ಸಾಕು. ಒಗೆದು ಒಗೆದು ಮೆತ್ತಗಾದ ಹತ್ತಿಬಟ್ಟೆಗೆ ಸಮನಾದ ಹಾಸು ಬೇರೆಯಿಲ್ಲ. ಹತ್ತಿಯ ಸೀಮೆಯಾದ ಬಳ್ಳಾರಿಯಲ್ಲಿ ಅದಕ್ಕೆ ಕೊರತೆಯೂ ಇಲ್ಲ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲನ್ನು ಬದಲಿಸಬೇಕು. ಬದಲಿಸುವಾಗ ಎಳೆಯಬಾರದು, ಎಳೆದರೆ ಚರ್ಮ ಉಜ್ಜಿ ಕೀಳುತ್ತದೆ. ಇಬ್ಬರು ಎರಡು ಬದಿಗಳಲ್ಲಿ ನಿಂತು, ಅಡ್ಡಹಾಸಿನ ಅಂಚುಗಳನ್ನು ಹಿಡಿದು ಎತ್ತಿ ಸರಿಸಬೇಕು. ಮೊಳಕಾಲುಗಳ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಗಂಡದ ಕೆಳಗೆ ಒಂದು ದಿಂಬು ಇರಲಿ. ಹಾಸಿನ ಒಂದು ಸುಕ್ಕು, ತಿಂಡಿಯ ಒಂದು ಚೂರು ಕೂಡ ಒತ್ತಿದಲ್ಲಿ ಗಾಯಮಾಡಬಲ್ಲದು. ಕೆಂಪಾದ ಎಡೆಯನ್ನು ಬೆರಳಿನಿಂದ ಒತ್ತಿದಾಗ ಕೆಂಪು ಮಾಯದಿದ್ದರೆ ಅದೇ ಮೊದಲ ಎಚ್ಚರಿಕೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದು. ಬಿಸಿಯನ್ನೂ ಗಡಸನ್ನೂ ಕೈಯಿಂದ ಮುಟ್ಟಿ ನೋಡಬೇಕು. ಅಂತಹ ಎಡೆಯನ್ನು ತಿಕ್ಕಬಾರದು. ಅದರ ಕೆಳಗೆ ಸಿಂಬಿಯಂತಹ ದುಂಡು ದಿಂಬನ್ನೂ ಇಡಬಾರದು, ಏಕೆಂದರೆ ಅದು ಸುತ್ತಲಿನ ರಕ್ತನಾಳಗಳನ್ನು ಇನ್ನಷ್ಟು ಅದುಮುತ್ತದೆ. ನೀಲ್ ಆರ್ನಟ್ ಎಂಬ ವೈದ್ಯರು 1832ರಲ್ಲಿಯೇ ನೀರು ತುಂಬಿದ ಹಾಸಿಗೆಯೊಂದನ್ನು ರೂಪಿಸಿದರು. ಇಂದು ಗಾಳಿ ತುಂಬುವ ಹಾಸಿಗೆಗಳೂ ದೊರೆಯುತ್ತವೆ. ಇವು ಉಪಯುಕ್ತವಾದರೂ ಮಗ್ಗುಲು ಬದಲಿಸುವ ಕೈಗಳಿಗೆ ಬದಲಿಯಲ್ಲ.

ಮೂರನೆಯದು ಶುಚಿತ್ವದ ಸಾಮಗ್ರಿ: ಸಾಬೂನು, ಎರಡು ಬೋಗುಣಿಗಳು, ಮೈ ಒರೆಸುವ ಬಟ್ಟೆಗಳು, ಕೈಗವಸುಗಳು, ಮಲಮೂತ್ರಗಳ ಪಾತ್ರೆಗಳು, ಮುಚ್ಚಳವಿರುವ ಬುಟ್ಟಿ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು 1847ರಲ್ಲಿ ಹೆರಿಗೆ ಕೋಣೆಗೆ ಬರುವವರೆಲ್ಲರೂ ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯಬೇಕೆಂದು ನಿಯಮ ಮಾಡಿದರು. ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ಆದರೂ ಅಂದಿನ ಅನೇಕ ವೈದ್ಯರು ಅವರನ್ನು ನಂಬಲಿಲ್ಲ. ರೋಗಿಯನ್ನು ಮುಟ್ಟುವ ಮೊದಲು ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಸಾಬೂನಿನಿಂದ ಕೈತೊಳೆಯುವುದು ಇಂದಿಗೂ ಅತ್ಯಂತ ಅಗ್ಗದ ಮತ್ತು ಅತ್ಯಂತ ಪ್ರಬಲವಾದ ಔಷಧ. ಒದ್ದೆಯಾದ ಹಾಸನ್ನು ಒಡನೆ ಬದಲಿಸಬೇಕು. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಬೇಕು. ತಿಪ್ಪೆಗೆ ಎಸೆದ ಸೂಜಿ ಯಾರ ಕಾಲಿಗೆ ಚುಚ್ಚುವುದೋ ಹೇಳಬರುವುದಿಲ್ಲ. ಬಟ್ಟೆ ಬದಲಿಸುವಾಗ ಬಾಗಿಲು ಮುಚ್ಚುವುದನ್ನು, ಮೈಮೇಲೆ ಒಂದು ಹೊದಿಕೆ ಇರಿಸುವುದನ್ನು ಮರೆಯಬಾರದು. ಮಲಗಿದವರಿಗೂ ಮಾನವುಂಟು.

ನಾಲ್ಕನೆಯದು ನೀರು. ಇದರ ಬೆಲೆಯನ್ನು ಈ ಸೀಮೆಯ ಇತಿಹಾಸವೇ ಹೇಳುತ್ತದೆ. 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಬಂದ ದತ್ತ ಮಂಡಲಗಳಿಗೆ ಥಾಮಸ್ ಮನ್ರೋ ಮುಖ್ಯ ಕಲೆಕ್ಟರಾಗಿದ್ದರು; ಬಳ್ಳಾರಿಯೂ ಅವುಗಳಲ್ಲಿ ಸೇರಿತ್ತು. ಮುಂದೆ ಅವರು ಮದರಾಸಿನ ಗವರ್ನರಾದರು. 1827ರಲ್ಲಿ, ಇಂಗ್ಲೆಂಡಿಗೆ ಮರಳುವ ಮುನ್ನ, ತಮಗೆ ಪ್ರಿಯವಾದ ಈ ಸೀಮೆಯನ್ನು ನೋಡಲು ಬಂದರು. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬಡಿದು ತೀರಿಕೊಂಡರು. ಇಡೀ ಪ್ರಾಂತದ ಅಧಿಕಾರ ಕೈಯಲ್ಲಿದ್ದರೂ ಅವರನ್ನು ಉಳಿಸುವ ವಿದ್ಯೆ ಅಂದು ಯಾರಲ್ಲಿಯೂ ಇರಲಿಲ್ಲ. ಆ ವಿದ್ಯೆ ಇಂದು ಔಷಧಿ ಅಂಗಡಿಯ ಒಂದು ಸಣ್ಣ ಪೊಟ್ಟಣದಲ್ಲಿದೆ. ಭೇದಿಯಾಗುತ್ತಿದ್ದಾಗ ಬರಿಯ ನೀರನ್ನು ಕರುಳು ಚೆನ್ನಾಗಿ ಹೀರದು. ಆದರೆ ಉಪ್ಪು ಮತ್ತು ಗ್ಲೂಕೋಸು ತಕ್ಕ ಪ್ರಮಾಣದಲ್ಲಿ ಕೂಡಿದರೆ ಎರಡೂ ಜೊತೆಯಾಗಿ ಕರುಳಿನ ಗೋಡೆಯನ್ನು ದಾಟುತ್ತವೆ, ನೀರೂ ಅವುಗಳ ಹಿಂದೆ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿದುಹೋಯಿತು. ಡಾಕ್ಟರ್ ದಿಲೀಪ್ ಮಹಲನಾಬಿಸ್ ಈ ಮಿಶ್ರಣವನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇಕಡ 30ರಷ್ಟಿದ್ದ ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು. ಅಲ್ಲಿ ಜೀವ ಉಳಿಸಿದವರು ಬಟ್ಟಲು ಹಿಡಿದ ತಾಯಂದಿರು, ಮಕ್ಕಳು, ಅಣ್ಣತಮ್ಮಂದಿರು.

ಆದುದರಿಂದ ಪ್ರತಿ ಮನೆಯಲ್ಲಿಯೂ ಓ.ಆರ್.ಎಸ್. ಪೊಟ್ಟಣಗಳಿರಬೇಕು. ದೊಡ್ಡ ಪೊಟ್ಟಣವಾದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಇಡಿಯಾಗಿ ಬೆರೆಸಬೇಕು. 24 ಗಂಟೆ ಕಳೆದರೆ ಉಳಿದುದನ್ನು ಚೆಲ್ಲಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರು ನೀರಿಗೆ ಮಟ್ಟಸವಾದ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಹೆಚ್ಚಾದರೆ ಹಾನಿಯುಂಟು, ಕಣ್ಣಂದಾಜು ಕೂಡದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ವೈದ್ಯರನ್ನು ಕೇಳಿ ಕೊಡತಕ್ಕದ್ದು. ಮುದುಕರಲ್ಲಿ ಬಾಯಾರಿಕೆಯ ಅರಿವು ಮಂದವಾಗಿರುತ್ತದೆ. ಬಳ್ಳಾರಿಯ ಬೇಸಗೆಯಲ್ಲಿ ಅವರು ಕೇಳಲಿ, ಕೇಳದಿರಲಿ, ಆಗಾಗ ನೀರು ಕೊಡಬೇಕು.

ಆಹಾರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸಿರುಗುಪ್ಪದ ಅಕ್ಕಿಯ ಗಂಜಿ, ಬೇಳೆಯ ಕಟ್ಟು, ಮಜ್ಜಿಗೆ ರೋಗಿಗೆ ಹಿತ. ಮಲಗಿದವರನ್ನು ಕಾಡುವ ಮಲಬದ್ಧತೆಗೆ ಕುರುಗೋಡಿನ ಕಡೆ ಬೆಳೆಯುವ ಅಂಜೂರ ಒಳ್ಳೆಯದು. ಸಕ್ಕರೆ ಕಾಯಿಲೆಯಿದ್ದವರು ಮಾತ್ರ ಮಿತಿಯನ್ನರಿತು ತಿನ್ನಬೇಕು. ಮುಖ್ಯವಾದುದು ಉಣಿಸುವ ಕ್ರಮ. ಪಾರ್ಶ್ವವಾಯುವಿನಿಂದ ಗಂಟಲಿನ ಸ್ನಾಯುಗಳೂ ದುರ್ಬಲವಾಗಿರಬಹುದು. ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ದಿಂಬುಗಳ ಆಸರೆಯಲ್ಲಿ ನೆಟ್ಟಗೆ ಕುಳ್ಳಿರಿಸಿ, ಸಣ್ಣ ಚಮಚದಿಂದ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದನ್ನು ಕೊಟ್ಟು, ಊಟವಾದ ಮೇಲೂ ಅರ್ಧ ಗಂಟೆ ಹಾಗೆಯೇ ಕುಳ್ಳಿರಿಸಬೇಕು. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಐದನೆಯದು ಅಳತೆಯ ಸಾಧನಗಳು. ಹಿಂದೆ ಉಷ್ಣಮಾಪಕವು ಒಂದಡಿ ಉದ್ದವಿದ್ದು, ಜ್ವರ ನೋಡಲು 20 ನಿಮಿಷ ಹಿಡಿಯುತ್ತಿತ್ತು. 1866ರ ಸುಮಾರಿಗೆ ಇಂಗ್ಲೆಂಡಿನ ಕ್ಲಿಫರ್ಡ್ ಆಲ್‌ಬಟ್ ಎಂಬ ವೈದ್ಯರು ಆರು ಅಂಗುಲದ, ಐದೇ ನಿಮಿಷದಲ್ಲಿ ಲೆಕ್ಕ ತೋರುವ ಉಷ್ಣಮಾಪಕವನ್ನು ರೂಪಿಸಿದರು. ಜ್ವರವೆಂಬುದು ಆಗ ಮನೆಯವರೂ ಓದಬಹುದಾದ ಅಂಕಿಯಾಯಿತು. ಪಾದರಸದ ಮಾಪಕ ಒಡೆದರೆ ವಿಷ. ಅಂಕಿಗಳನ್ನು ತೋರುವ ವಿದ್ಯುನ್ಮಾನ ಮಾಪಕವೇ ಮನೆಗೆ ಲೇಸು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರವೆಂದು ತಿಳಿಯಬೇಕು. ಕೊರೋನಾ ಹಬ್ಬಿದ 2020–21ರಲ್ಲಿ ಇನ್ನೊಂದು ಸಾಧನ ಮನೆಮಾತಾಯಿತು. ಅದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ದ್ರವ ಆಮ್ಲಜನಕ ಸಾಗುತ್ತಿದ್ದ ಆ ದಿನಗಳಲ್ಲಿ, ಯಾರಿಗೆ ಅದು ಬೇಕೆಂಬುದನ್ನು ಈ ಪುಟ್ಟ ಸಾಧನ ಮನೆಯಲ್ಲಿಯೇ ಹೇಳುತ್ತಿತ್ತು. ಕೆಂಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಈ ತತ್ತ್ವವನ್ನು ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ಪ್ರಕಟಪಡಿಸಿದರು. ಶೇಕಡ 95ಕ್ಕೆ ಮೇಲ್ಪಟ್ಟು ಇದ್ದರೆ ಸಾಮಾನ್ಯ. 94ಕ್ಕಿಂತ ಇಳಿದರೆ ವೈದ್ಯರನ್ನು ಕರೆಯಬೇಕು. 90ಕ್ಕೆ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಅಂಕಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ಅದು ನಿಜಕ್ಕಿಂತ ಕೊಂಚ ಹೆಚ್ಚಾಗಿ ತೋರುವುದೂ ಉಂಟು. ಅಂಕಿ ಸರಿಯಾಗಿದ್ದರೂ ಉಸಿರು ಮೇಲೇಳುತ್ತಿದ್ದರೆ ಕಣ್ಣನ್ನು ನಂಬಬೇಕು, ಯಂತ್ರವನ್ನಲ್ಲ.

ಔಷಧಿಗಳಿಗೆ ಮಕ್ಕಳ ಕೈಗೆಟುಕದ ಒಂದು ಡಬ್ಬಿ, ಅದರ ಪಕ್ಕದಲ್ಲಿ ಒಂದು ನೋಟುಪುಸ್ತಕ ಇರಲಿ. ಯಾವ ಗುಳಿಗೆ, ಯಾವ ಹೊತ್ತಿಗೆ, ಕೊಟ್ಟುದಾಯಿತೇ, ಜ್ವರವೆಷ್ಟು, ನೀರೆಷ್ಟು ಕುಡಿದರು, ಮೂತ್ರವಾಯಿತೇ, ಮಗ್ಗುಲು ಬದಲಿಸಿದುದು ಯಾವಾಗ ಎಂಬುದನ್ನೆಲ್ಲ ಬರೆದಿಡಬೇಕು. ಹಿರಿಯರು ನಾಟಿಗೆ ಹೋದ ಮನೆಯಲ್ಲಿ ಶಾಲೆಯಿಂದ ಬಂದ ಹುಡುಗನೋ ಹುಡುಗಿಯೋ ಮಾಡಬಹುದಾದ ಅತ್ಯಂತ ಬೆಲೆಯುಳ್ಳ ಕೆಲಸ ಇದು. ವೈದ್ಯರು ಕೇಳುವ ಪ್ರಶ್ನೆಗಳಿಗೆ ನೆನಪಿಗಿಂತ ಈ ಪುಸ್ತಕವೇ ನಿಖರವಾಗಿ ಉತ್ತರ ಕೊಡುತ್ತದೆ. ಅದರ ಮೊದಲ ಪುಟದಲ್ಲಿ ಊರಿನ ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆಯೂ, 2008ರಿಂದ ಕರ್ನಾಟಕದಲ್ಲಿ ಸೇವೆ ಸಲ್ಲಿಸುತ್ತಿರುವ ಆಂಬುಲೆನ್ಸಿನ 108 ಎಂಬ ಸಂಖ್ಯೆಯೂ ಇರಬೇಕು.

ಇಷ್ಟೆಲ್ಲ ಸಾಮಗ್ರಿಗಳಿದ್ದರೂ ಬಳಸುವ ಕೈಗಳು ಸೋತುಹೋದರೆ ಫಲವಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೆಂದರೆ ದಿನಕ್ಕೆ ಹನ್ನೆರಡು ಸಲ. ರಾತ್ರಿಯೂ ಅದರಲ್ಲಿ ಸೇರಿದೆ. ಒಬ್ಬರೇ ಇದನ್ನು ತಿಂಗಳುಗಟ್ಟಲೆ ಮಾಡಲಾರರು. ಆದರೂ ಅನೇಕ ಮನೆಗಳಲ್ಲಿ ಈ ಭಾರವೆಲ್ಲ ಸೊಸೆಯ ಮೇಲೆ ಬೀಳುತ್ತದೆ; ಆಕೆಗೆ ಸಾಲದಾದಾಗ ಮನೆಯ ಹುಡುಗಿ ಶಾಲೆ ಬಿಡುತ್ತಾಳೆ. ಒಬ್ಬರ ಬೇನೆಗೆ ಇನ್ನೊಬ್ಬರ ವಿದ್ಯೆ ಬೆಲೆಯಾಗಬಾರದು. ಗಂಡಸರೂ ಹುಡುಗರೂ ಸರದಿಯಲ್ಲಿ ನಿಲ್ಲಬೇಕು. ನೆರೆಹೊರೆಯೂ ಹೆಗಲು ಕೊಡಬಹುದು. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಸಂಘವು ಮುಂದೆ ಊರೂರಿನ ಸಾಮಾನ್ಯ ಜನರನ್ನೇ ತರಬೇತುಗೊಳಿಸಿ ಮನೆಮನೆಗೆ ಕಳುಹಿಸುವ ಚಳವಳಿಯಾಗಿ ಬೆಳೆಯಿತು. ಗಾಲಿಕುರ್ಚಿ, ಊರೆಗೋಲು, ಗಾಳಿಹಾಸಿಗೆಗಳನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ಒಂದು ಮನೆಯಲ್ಲಿ ಕೆಲಸ ಮುಗಿದುದು ಇನ್ನೊಂದು ಮನೆಗೆ ಹೋಗಬಹುದು. ಊರಿಗೆ ಒಂದು ಬೀಜದ ಕಣಜವಿರುವಂತೆ ಇಂತಹ ಸಾಧನಗಳಿಗೂ ಒಂದು ಕಪಾಟು ಇದ್ದರೆ ಚೆನ್ನ.

ಕೊನೆಯದಾಗಿ ಒಂದು ಸಣ್ಣ ವಸ್ತು. ಅದು ಗಂಟೆ. ಕರುವಿನ ಕೊರಳ ಗಂಟೆಯಾದರೂ ಸಾಕು. ಅಜ್ಜಿಯ ಎಡಗೈಗೆ ಎಟುಕುವಂತೆ ಅದನ್ನು ಮಂಚಕ್ಕೆ ಕಟ್ಟಬೇಕು. ಆಕೆಗೆ ಮಾತು ತೊದಲುತ್ತದೆ. ಕೂಗಿ ಕರೆಯುವ ಶಕ್ತಿಯಿಲ್ಲ. ಬಾಯಾರಿದಾಗ, ನೋವಾದಾಗ, ಇರುಳಿನಲ್ಲಿ ಭಯವಾದಾಗ ಆಕೆಗಿರುವ ದನಿ ಆ ಗಂಟೆಯೊಂದೇ. 'ಶುಶ್ರೂಷೆ' ಎಂಬ ಸಂಸ್ಕೃತ ಪದವು 'ಕೇಳು' ಎಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆ ಎಂಬುದೇ ಅದರ ಮೂಲಾರ್ಥ; ಸೇವೆ, ಆರೈಕೆ ಎಂಬ ಅರ್ಥಗಳು ಅದರಿಂದ ಬೆಳೆದವು. ಗಂಟೆಯನ್ನು ಕಟ್ಟುವುದು ಸುಲಭ. ಅದು ನಡುರಾತ್ರಿ ಮೂರನೆಯ ಸಲ ಬಾರಿಸಿದಾಗಲೂ ಬೇಸರಿಸದೆ ಏಳುವವರಿರುವ ಮನೆಯಲ್ಲಿ ಮಾತ್ರ ಉಳಿದ ಸಾಮಗ್ರಿಗಳೆಲ್ಲ ಸಾರ್ಥಕವಾಗುತ್ತವೆ.

ಅಭ್ಯಾಸ

ಶಬ್ದಾರ್ಥ
ಪರಿಚಾರಕ – ಆರೈಕೆ ಮಾಡುವವನು. ಮಾಳಿಗೆ – ಮಣ್ಣಿನ ಚಪ್ಪಟೆ ಮೇಲ್ಛಾವಣಿ. ಲಾವಂಚ – ಸುವಾಸನೆಯ ಬೇರುಳ್ಳ ಒಂದು ಹುಲ್ಲು. ಮೀನಗಂಡ – ಮೊಳಕಾಲಿನ ಕೆಳಗಿನ ಹಿಂಭಾಗದ ಮಾಂಸಖಂಡ. ಸಿಂಬಿ – ತಲೆಯ ಮೇಲೆ ಕೊಡ ಹೊರುವಾಗ ಇಡುವ ಬಟ್ಟೆಯ ಸುರುಳಿ. ನಂಜು – ವಿಷ. ಕಟ್ಟು – ಬೇಳೆ ಬೇಯಿಸಿದ ನೀರು.

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚರಕಸಂಹಿತೆಯು ಹೇಳುವ ಚಿಕಿತ್ಸೆಯ ನಾಲ್ಕು ಪಾದಗಳು ಯಾವುವು?
2. ಹಗಲಿನಲ್ಲಿಯೂ ರೋಗಿಗೆ ಸೊಳ್ಳೆಪರದೆ ಏಕೆ ಬೇಕು?
3. ಥಾಮಸ್ ಮನ್ರೋ ಯಾವ ರೋಗದಿಂದ ಮರಣಹೊಂದಿದರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಾಸಿಗೆಹುಣ್ಣು ಹೇಗೆ ಉಂಟಾಗುತ್ತದೆ? ಅದನ್ನು ತಡೆಯುವ ಬಗೆಯೇನು?
2. ಬನಗಾಂವಿನ ಶಿಬಿರದಲ್ಲಿ ಜೀವಗಳು ಉಳಿದುದು ಹೇಗೆ?
3. "ಒಬ್ಬರ ಬೇನೆಗೆ ಇನ್ನೊಬ್ಬರ ವಿದ್ಯೆ ಬೆಲೆಯಾಗಬಾರದು." ಈ ಮಾತನ್ನು ವಿವರಿಸಿರಿ.

ಇ. ಬಿಡಿಸಿ, ಸಂಧಿಯ ಹೆಸರನ್ನು ಬರೆಯಿರಿ.
ಜಲಾವೃತ, ಪ್ರಾಣಾಪಾಯ, ಮೂಲಾರ್ಥ, ಮನೆಯಲ್ಲಿ

ಈ. ಮಾಡಿ ನೋಡಿರಿ.
ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಶುಶ್ರೂಷೆಯ ಸಾಮಗ್ರಿಗಳನ್ನು ಪಟ್ಟಿಮಾಡಿರಿ. ಇಲ್ಲದವುಗಳಲ್ಲಿ ಹಣವಿಲ್ಲದೆ ಸಿದ್ಧಪಡಿಸಬಹುದಾದುವನ್ನು ಗುರುತಿಸಿರಿ.